ಜಮೀನಿನಲ್ಲಿ ಕಾಡು, ತೋಪು ಇದೆಯಾ? ನೋಡಿಕೊಳ್ಳುವುದನ್ನು ಕಲಿಯುವ ದಾರಿ ಹೀಗಿದೆ

ಅಪ್ಪ ಬಿಟ್ಟುಹೋದ ಆರು ಎಕರೆಯಲ್ಲಿ ಎರಡೂವರೆ ಎಕರೆ ಹಳೆ ನೀಲಗಿರಿ. ಉಳಿದದ್ದು ಬಂಡೆ, ಕುರುಚಲು, ನಾಲ್ಕು ಹುಣಸೆ ಮರ, ಅಲ್ಲೊಂದು ಇಲ್ಲೊಂದು ಹೊಂಗೆ, ಬೇವು. ಕೊರಟಗೆರೆ ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿರುವ ಈ ಜಾಗವನ್ನು ಊರಲ್ಲಿ ಯಾರೂ ಕಾಡು ಅನ್ನುವುದಿಲ್ಲ. ‘ಬೀಳು’ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಹಾಗಾಗಿ ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಜೆಸಿಬಿ ತರಿಸಿ ಒಂದು ಎಕರೆ ಕುರುಚಲು ಬೋಳಿಸಿದೆ. 200 ಸಸಿ ತಂದು ಜೂನ್ ಮೊದಲ ಮಳೆಗೇ ನೆಟ್ಟೆ. ಆಮೇಲೆ ಮೂರು ವಾರ ಮಳೆ ಇಲ್ಲ. ಮುಂದಿನ ಯುಗಾದಿಗೆ ಎಣಿಸಿದರೆ ಬದುಕಿದ್ದು 11.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇಂಥ ಜಮೀನು ಇರುವವರು ಬಹಳ ಜನ ಇದ್ದಾರೆ. ಅರ್ಧ ಜನ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಹಬ್ಬಕ್ಕೆ ಊರಿಗೆ ಬಂದಾಗ ಮಾತ್ರ ತೋಪು ನೋಡುತ್ತಾರೆ. ನಾನು ತಪ್ಪು ಮಾಡಿ ಕಲಿತದ್ದನ್ನು ನೀವು ತಪ್ಪು ಮಾಡದೇ ಕಲಿಯಿರಿ ಅಂತ ಇದನ್ನು ಬರೆದಿದ್ದೇನೆ.

1. ಮೊದಲು ಕಾಗದ, ಆಮೇಲೆ ಕತ್ತಿ

ಇದು ಬೇಜಾರಿನ ಕೆಲಸ, ಬೇಗ ಮುಗಿಸಿಬಿಡಿ. ಪಹಣಿ ತೆಗೆಸಿ ನೋಡಿ. ನಿಮ್ಮ ಸರ್ವೆ ನಂಬರಿನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಅಂತ ಬರೆದ ಜಾಗ, ಎಷ್ಟಿದೆ, ಪಕ್ಕದಲ್ಲಿ ಗೋಮಾಳವೋ ಅರಣ್ಯವೋ ಅಂತ ಗೊತ್ತಿರಲಿ. ಗಡಿ ಅನುಮಾನ ಇದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ ಕಲ್ಲು ನೆಡಿಸಿ. ಗುಡ್ಡದ ಬುಡದ ಜಮೀನುಗಳಲ್ಲಿ ಇದು ಬಹಳ ಮುಖ್ಯ. ನಿಮ್ಮದು ಅಂದುಕೊಂಡು ಕಡಿದ ಮರ ಅರಣ್ಯ ಇಲಾಖೆಯದಾಗಿದ್ದರೆ ‘ಗೊತ್ತಿರಲಿಲ್ಲ ಸಾರ್’ ಅನ್ನುವ ಮಾತು ನಡೆಯುವುದಿಲ್ಲ.

2. ನಾಲ್ಕು ಗುಂಟೆಯಲ್ಲಿ ಕೂತು ಎಣಿಸಿ

ಏನನ್ನೂ ನೆಡುವ, ಕಡಿಯುವ ಮೊದಲು ಇದನ್ನು ಮಾಡಿ. ಒಂದು ಹಗ್ಗ, ನಾಲ್ಕು ಗೂಟ, ಟೈಲರ್ ಟೇಪು, ಒಂದು ನೋಟ್‌ಬುಕ್ ಸಾಕು.

20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕಿ. ಅದು ಹೆಚ್ಚುಕಡಿಮೆ ನಾಲ್ಕು ಗುಂಟೆ, ಅಂದರೆ ಎಕರೆಯ ಹತ್ತನೇ ಒಂದು ಭಾಗ. ಅದರೊಳಗೆ ಇರುವುದನ್ನೆಲ್ಲ ಎಣಿಸಿ ಹತ್ತರಿಂದ ಗುಣಿಸಿದರೆ ಎಕರೆಯ ಅಂದಾಜು ಸಿಗುತ್ತದೆ. ತೋಪು ದೊಡ್ಡದಿದ್ದರೆ ಬೇರೆ ಬೇರೆ ಕಡೆ ಮೂರು ಚೌಕ ಹಾಕಿ. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಬೇಡಿ. ಆ ಆಸೆ ಎಲ್ಲರಿಗೂ ಬರುತ್ತದೆ.

ಮೂರು ಪಟ್ಟಿ ಮಾಡಿ. ದೊಡ್ಡ ಮರ, ಎಳೆ ಮರ, ಮೊಣಕಾಲಿಗಿಂತ ಕೆಳಗಿನ ಚಿಗುರು ಮತ್ತು ಸಸಿ. ದೊಡ್ಡ ಮರದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ ಅಳೆಯಿರಿ. ಇಳಿಜಾರಾಗಿದ್ದರೆ ಮೇಲುಭಾಗದಲ್ಲಿ ನಿಂತು ಅಳೆಯಿರಿ. ಅಳೆದ ಜಾಗಕ್ಕೆ ಸುಣ್ಣದ ಗುರುತು ಹಾಕಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಅಳೆಯಬಹುದು. ಹೆಸರು ಗೊತ್ತಿಲ್ಲದ ಗಿಡಕ್ಕೆ ನೀವೇ ಒಂದು ಹೆಸರಿಡಿ. ‘ಒರಟೆಲೆ’, ‘ಹಾಲು ಬರುವುದು’ ಅಂತ ಬರೆದು ಫೋಟೋ ತೆಗೆದಿಡಿ.

ಜೆಸಿಬಿ ಮುಟ್ಟದ ಭಾಗದಲ್ಲಿ ನಾನು ಹಾಕಿದ ಚೌಕದಲ್ಲಿ ದೊಡ್ಡ ಮರ ಮೂರೇ. ಆದರೆ ಹುಲ್ಲು ಸರಿಸಿ ಕೂತು ನೋಡಿದರೆ 61 ಚಿಗುರು. ದಿಂಡಿಗ, ಮುತ್ತುಗ, ಕಕ್ಕೆ, ಬೇವು. ಎಕರೆಗೆ 610 ಅಂದಂತಾಯಿತು. ನಾನು ದುಡ್ಡು ಕೊಟ್ಟು ನೆಟ್ಟದ್ದು 200, ಉಳಿದದ್ದು 11. ತಾನಾಗಿ ಬಂದದ್ದು ಆರುನೂರು, ಅದೂ ಒಂದು ಕೊಡ ನೀರು ಹಾಕದೆ. ಆವತ್ತು ನೋಟ್‌ಬುಕ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

3. ಗೊತ್ತಿರುವವರ ಹತ್ತಿರ ಕೇಳಿ

ನನ್ನ ಮೊದಲ ಮೇಷ್ಟ್ರು ಕುರಿ ಮೇಯಿಸುವ ಒಬ್ಬರು ತಾತ. ಚಿಗುರುಗಳನ್ನು ತೋರಿಸಿ ‘ಇವು ಸಸಿಗಳಾ ತಾತ?’ ಅಂದೆ. ಕೋಲಿನಿಂದ ಮಣ್ಣು ಕೆದಕಿ ತೋರಿಸಿದರು. ಬೆರಳು ಗಾತ್ರದ ಚಿಗುರಿನ ಕೆಳಗೆ ತೊಡೆ ಗಾತ್ರದ ಬೊಡ್ಡೆ. ‘ಬುಡ ಸತ್ತಿಲ್ಲ ಕಣಪ್ಪ. ಪ್ರತಿ ವರ್ಷ ಚಿಗುರ್ತದೆ, ಪ್ರತಿ ವರ್ಷ ನಮ್ ಆಡು ತಿಂತವೆ, ಇಲ್ಲ ಬೆಂಕಿ ತಿಂತದೆ. ಮೂರು ಮಳೆಗಾಲ ಸುಮ್ನೆ ಬಿಟ್ಟು ನೋಡು’ ಅಂದರು.

ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ಗುಟ್ಟು ಇದು. ಮೇಲೆ ಕಾಣುವುದು ಮೊಣಕಾಲೆತ್ತರದ ಪೊದೆ. ಕೆಳಗೆ ದಶಕಗಳ ಬೇರು. ಹೊಸ ಸಸಿಗೆ ನೀರು ಹುಡುಕುವ ಬೇರು ಬೆಳೆಸಲು ವರ್ಷಗಳು ಬೇಕು, ಈ ಬೊಡ್ಡೆಗೆ ಅದು ಈಗಾಗಲೇ ಇದೆ. ಜೆಸಿಬಿಯಲ್ಲಿ ನಾನು ಕಿತ್ತು ಬಿಸಾಕಿದ್ದು ಅದನ್ನೇ.

ಊರಿನವರ ತಿಳಿವಳಿಕೆಯ ಜೊತೆಗೆ ಓದಿದವರ ತಿಳಿವಳಿಕೆಯೂ ಬೇಕು. ತುಮಕೂರಿನವರಿಗೆ ಹಿರೇಹಳ್ಳಿಯಲ್ಲೂ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ. ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ ಇದೆ. ಮಣ್ಣು ಪರೀಕ್ಷೆ, ರೋಗ, ಕೀಟದ ವಿಷಯಕ್ಕೆ ಅಲ್ಲಿ ಹೋಗಿ. ಶ್ರೀಗಂಧ, ಮರದ ಗುಣಮಟ್ಟ, ಮರ ಆಧಾರಿತ ಬೇಸಾಯದ ಬಗ್ಗೆ ಬೆಂಗಳೂರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ತರಬೇತಿ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದರೆ ಟ್ರ್ಯಾಕ್ಟರ್ ನೋಡಿ ಬರುವುದರ ಜೊತೆಗೆ ಕೃಷಿ ಅರಣ್ಯದ ಮಳಿಗೆಯಲ್ಲೂ ಅರ್ಧ ಗಂಟೆ ನಿಲ್ಲಿ.

ಇನ್ನೊಂದು ಪಾಠಶಾಲೆ ಇದೆ, ಫೀಸಿಲ್ಲ. ಹತ್ತಿರದ ಕಾಪಿಟ್ಟ ಕಾಡು. ನಮಗೆ ದೇವರಾಯನದುರ್ಗ, ನಾಮದ ಚಿಲುಮೆ. ಕೋಲಾರದವರಿಗೆ ಅಂತರಗಂಗೆ ಬೆಟ್ಟ, ಚಿಂತಾಮಣಿ ಕಡೆಯವರಿಗೆ ಕೈವಾರದ ಬೆಟ್ಟ. ನಿಮ್ಮಂಥದ್ದೇ ಮಣ್ಣು, ನಿಮ್ಮಂಥದ್ದೇ ಮಳೆ. ಬಂಡೆ ಸಂದಿಯಲ್ಲಿ ಏನಿದೆ, ಹಳ್ಳದ ದಂಡೆಯಲ್ಲಿ ಏನಿದೆ, ದೊಡ್ಡ ಮರದ ನೆರಳಲ್ಲಿ ಯಾವ ಸಸಿ ಇದೆ ಅಂತ ನೋಡಿಕೊಂಡು ಬನ್ನಿ. ನಿಮ್ಮ ಜಾಗ ಏನಾಗಬಹುದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ನಕ್ಷೆ ಇಲ್ಲ.

4. ಸಂಕ್ರಾಂತಿಯೊಳಗೆ ಬೆಂಕಿ ರೇಖೆ

ಒಂದು ವರ್ಷದಲ್ಲಿ ಒಂದೇ ಕೆಲಸ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ನಮ್ಮ ಕಡೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ಸೀಮೆಎಣ್ಣೆಯಂತೆ ಆಗಿರುತ್ತದೆ. ಬೆಂಕಿ ತಾನಾಗಿ ಬೀಳುವುದು ಅಪರೂಪ. ಬೀಡಿ ತುಂಡು, ಹೊಸ ಹುಲ್ಲು ಬರಲಿ ಅಂತ ಹಚ್ಚುವುದು, ಬದು ಸುಡಲು ಹೋಗಿ ಕೈತಪ್ಪುವುದು, ಇವೇ ಕಾರಣ. ನೆಲದಲ್ಲಿ ಓಡುವ ಬೆಂಕಿಗೆ ದೊಡ್ಡ ಮರ ಸಾಯದಿರಬಹುದು. ಆದರೆ ಆ 61 ಚಿಗುರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಡಿಸೆಂಬರಿನಲ್ಲಿ ಶುರು ಮಾಡಿ, ಸಂಕ್ರಾಂತಿಯೊಳಗೆ ಮುಗಿಸಿ. ಬೆಂಕಿ ದಾಟದಂತೆ ಗಡಿಯುದ್ದಕ್ಕೂ ಹತ್ತರಿಂದ ಹದಿನೈದು ಅಡಿ ಅಗಲ ಹುಲ್ಲು ಕೊಯ್ದು, ತರಗೆಲೆ ಗುಡಿಸಿ, ಮಣ್ಣು ಕಾಣುವಂತೆ ಮಾಡಿ. ಗುಡ್ಡದ ಕಡೆ, ರಸ್ತೆ ಕಡೆ ಇನ್ನೂ ಅಗಲ ಇರಲಿ. ಕೊಯ್ದ ಹುಲ್ಲು ದನಕ್ಕೆ, ತರಗು ತಿಪ್ಪೆಗೆ ಅಥವಾ ಗಿಡದ ಬುಡಕ್ಕೆ. ಗುಡಿಸಿದ್ದನ್ನು ಅಲ್ಲೇ ಸುಡುವವರಿದ್ದಾರೆ. ಬೆಂಕಿ ತಡೆಯಲು ಬೆಂಕಿ ಹಚ್ಚುವ ಕೆಲಸ ಅನುಭವಸ್ಥರಿಗೆ ಬಿಡಿ. ತೋಪಿನೊಳಗಿನ ತರಗೆಲೆಯನ್ನು ಪೂರ್ತಿ ಗುಡಿಸಬೇಡಿ, ಅದೇ ನೆಲದ ಹೊದಿಕೆ.

ಬೆಂಕಿ ಬಿದ್ದೇಬಿಟ್ಟರೆ ಮೊದಲು ಫೋನ್ ಮಾಡಿ. ತುರ್ತಿಗೆ 112, ಅರಣ್ಯ ಸಹಾಯವಾಣಿ 1926. ಬೆಂಕಿ ಏರು ಹತ್ತುವಾಗ ಓಡುತ್ತದೆ, ಇಳಿಜಾರಿನಲ್ಲಿ ನಡೆಯುತ್ತದೆ. ಅದರ ಮುಂದೆ, ಮೇಲುಗಡೆ ಯಾವತ್ತೂ ನಿಲ್ಲಬೇಡಿ. ಸುಟ್ಟು ಕಪ್ಪಾದ ಕಡೆಯಿಂದ ಬಂದು ಪಕ್ಕಗಳಲ್ಲಿ ಹಸಿ ಹೊಂಗೆ ರೆಂಬೆಯಿಂದ ಬಡಿಯಿರಿ. ನೈಲಾನ್ ಬಟ್ಟೆ ಬೇಡ, ಕಾಲಿಗೆ ಶೂ ಇರಲಿ. ಒಬ್ಬರೇ ಹೋಗಬೇಡಿ. ಮಧ್ಯಾಹ್ನದ ಗಾಳಿಯಲ್ಲಿ ಬೆಂಕಿ ಜೋರಾಗಿದ್ದರೆ ಮರ ಹೋದರೆ ಹೋಗಲಿ ಅಂತ ದೂರ ಬನ್ನಿ.

5. ಆಡಿನ ಜೊತೆ ಒಪ್ಪಂದ

ಆಡು ಮುಟ್ಟದ ಸೊಪ್ಪಿಲ್ಲ. ಹಾಗಂತ ಊರವರ ಮೇಲೆ ಜಗಳಕ್ಕೆ ನಿಂತರೆ ರಾತ್ರಿ ಮೇಯಿಸುತ್ತಾರೆ, ಇಲ್ಲ ಯಾವನೋ ಬೆಂಕಿ ಕಡ್ಡಿ ಗೀರುತ್ತಾನೆ. ನಾನು ಮಾಡಿದ್ದು ಇಷ್ಟು. ಕುರುಚಲನ್ನು ಮೂರು ಭಾಗ ಮಾಡಿದೆ. ಒಂದು ಭಾಗಕ್ಕೆ ಕಾರೆ ಮುಳ್ಳಿನ ಬೇಲಿ ಹಾಕಿ ಮೂರು ವರ್ಷ ಮುಚ್ಚಿದೆ. ಉಳಿದ ಎರಡರಲ್ಲಿ ಮೇಯಲಿ ಅಂದೆ. ಮುಚ್ಚಿದ ಭಾಗದ ಹುಲ್ಲನ್ನೂ ಕೊಯ್ದುಕೊಂಡು ಹೋಗಬಹುದು, ದನ ಬಿಡುವಂತಿಲ್ಲ. ಹುಲ್ಲು ಕೊಯ್ಯುವವರೇ ಈಗ ನನ್ನ ಕಾವಲುಗಾರರು.

ಮುಚ್ಚಿದ ಜಾಗದಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಪ್ರತಿ ಬೊಡ್ಡೆಯಲ್ಲೂ ಎಂಟು ಹತ್ತು ಚಿಗುರು ಎದ್ದಿರುತ್ತವೆ. ಎಲ್ಲವನ್ನೂ ಬಿಟ್ಟರೆ ಪೊದೆಯಾಗುತ್ತದೆ. ನೆಲಕ್ಕೆ ಹತ್ತಿರದಿಂದ ಹೊರಟ, ನೆಟ್ಟಗಿರುವ, ಗಟ್ಟಿಯಾದ ಎರಡನ್ನು ಉಳಿಸಿ. ಬೊಡ್ಡೆಯ ತುದಿಯಿಂದ ಹೊರಟದ್ದು ದಪ್ಪಗಿದ್ದರೂ ಗಾಳಿಗೆ ಸೀಳಿಕೊಳ್ಳುತ್ತದೆ. ಉಳಿದವನ್ನು ಹರಿತ ಮಚ್ಚಿನಿಂದ ಒಂದೇ ಏಟಿಗೆ ತೆಗೆಯಿರಿ. ಮುಂದಿನ ವರ್ಷ ಎರಡರಲ್ಲಿ ಒಂದನ್ನು ಆರಿಸಿ.

ಮುಳ್ಳಿನ ಪೊದೆಯನ್ನೆಲ್ಲ ಸವರುವ ಉಮೇದು ಬೇಡ. ಹಕ್ಕಿ ತಿಂದು ಉದುರಿಸಿದ ಬೇವಿನ ಬೀಜ ಕಾರೆ ಗಿಡದ ಒಳಗೇ ಮೊಳೆಯುತ್ತದೆ. ಆಡಿನ ಬಾಯಿ ಅಲ್ಲಿಗೆ ಹೋಗುವುದಿಲ್ಲ. ಬೇವು ಆಳೆತ್ತರ ಆದಮೇಲೆ ಕಾರೆಗೆ ಕೈ ಹಾಕಿ.

ಆದರೆ ಲಂಟಾನ ಕಳೆಗೆ ಈ ಕನಿಕರ ಬೇಡ. ಮೇಲೆ ಸವರಿದರೆ ಇನ್ನೂ ಜಾಸ್ತಿ ಚಿಗುರುತ್ತದೆ. ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಹೂವು ಕಾಯಿ ಕಟ್ಟುವ ಮೊದಲು, ಗುದ್ದಲಿಯಿಂದ ತಾಯಿಬೇರನ್ನು ನೆಲದ ಮಟ್ಟಕ್ಕಿಂತ ಮೂರು ಇಂಚು ಕೆಳಗೆ ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ಬಳ್ಳಾರಿ ಜಾಲಿಗೂ ಬೇರು ಅಗೆಯುವುದೇ ದಾರಿ. ಒಂದೇ ವರ್ಷದಲ್ಲಿ ಪೂರ್ತಿ ತೆಗೆಯುವ ಹಟ ಬೇಡ. ಬೋಳಾದ ನೆಲಕ್ಕೆ ಮತ್ತೆ ಅದೇ ಮೊದಲು ಬರುತ್ತದೆ.

6. ನೀರು ನಿಲ್ಲಿಸುವುದು

ನಮ್ಮಲ್ಲಿ ಮಳೆ ಕಡಿಮೆ ಅಂತ ಗೊಣಗುತ್ತೇವೆ. ಲೆಕ್ಕ ಹಾಕಿ ನೋಡಿ. 700 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ಮೇಲೆ ಸುಮಾರು 28 ಲಕ್ಷ ಲೀಟರ್ ನೀರು ಬಿದ್ದಂತೆ. ಅದರಲ್ಲಿ ಎಷ್ಟು ನಿಲ್ಲುತ್ತದೆ ಅನ್ನುವುದೇ ಪ್ರಶ್ನೆ.

ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ ತೆಗೆಯಿರಿ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಒಂದು ಟ್ರೆಂಚ್ ಒಮ್ಮೆ ತುಂಬಿದರೆ 850 ಲೀಟರ್ ಹಿಡಿಯುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೆ ಹಾಕಿ. ಒಂದರ ನೇರಕ್ಕೆ ಇನ್ನೊಂದು ಬೇಡ, ಇಟ್ಟಿಗೆ ಕಟ್ಟಿದ ಹಾಗೆ ಬಿಟ್ಟು ಬಿಟ್ಟು ಇರಲಿ. ದೊಡ್ಡ ಮರದ ನೆರಳಿನೊಳಗೆ ತೆಗೆಯಬೇಡಿ, ಬೇರು ಕತ್ತರಿಸುತ್ತದೆ.

ಮಟ್ಟ ಹಿಡಿಯಲು ಮೇಲ್ತುದಿ ಜೋಡಿಸಿ ಕಾಲು ಅಗಲಿಸಿದ ಎರಡು ಆಳೆತ್ತರದ ಕೋಲು, ನಡುವೆ ಒಂದು ಅಡ್ಡಪಟ್ಟಿ, ಮೇಲಿನಿಂದ ದಾರಕ್ಕೆ ಕಟ್ಟಿದ ಕಲ್ಲು ಸಾಕು. ಮಟ್ಟವಾದ ನೆಲದಲ್ಲಿ ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟುವ ಜಾಗಕ್ಕೆ ಗುರುತು ಹಾಕಿ. ಗುಡ್ಡದಲ್ಲಿ ಒಂದು ಕಾಲು ಊರಿ ಇನ್ನೊಂದನ್ನು ಮೇಲೆ ಕೆಳಗೆ ಸರಿಸಿ, ದಾರ ಗುರುತಿಗೆ ಬಂದ ಕಡೆ ಸುಣ್ಣ ಹಾಕಿ. ಅರ್ಧ ದಿನದಲ್ಲಿ ಒಂದು ಎಕರೆ ಗುರುತು ಮಾಡಬಹುದು. ಕೂಲಿಗೆ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದೆಯಾ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ.

7. ನೆಡಲೇಬೇಕಾದ ಕಡೆ ಮಾತ್ರ ನೆಡಿ

ನಾನು ಬೋಳಿಸಿದ ಎಕರೆಯಂಥ ಜಾಗ ಇದ್ದರೆ ನೆಡಬೇಕಾಗುತ್ತದೆ. ಬೇಸಿಗೆಯಲ್ಲೇ ಒಂದೂವರೆ ಅಡಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೊದಲ ಮಳೆಗೆ ಮೋಸ ಹೋಗಬೇಡಿ. ಗುಂಡಿಯ ಮಣ್ಣು ಗೇಣುದ್ದ ಹಸಿಯಾಗಿದೆಯಾ ಅಂತ ಕೈ ಹಾಕಿ ನೋಡಿ. ಈ ಮೂರು ಜಿಲ್ಲೆಗಳಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ. ಜುಲೈ ಒಣಗಿದ್ದರೆ ಅಲ್ಲಿವರೆಗೆ ತಡೆಯಿರಿ.

ಬೇವಿನ ಬೀಜಕ್ಕೆ ಕೆಲವೇ ವಾರ ಜೀವ. ಹಣ್ಣು ಉದುರಿದ ತಕ್ಷಣ ಪೊದೆಗಳ ನೆರಳಿನಲ್ಲಿ ಊರಿ. ಹುಣಸೆ, ಸೀತಾಫಲದ ಬೀಜಕ್ಕೆ ಅಷ್ಟು ಅವಸರ ಇಲ್ಲ. ಪಾವಗಡ, ಶಿರಾ ಕಡೆಯ ಒಣ ನೆಲಕ್ಕೆ ಕಮರ ಒಳ್ಳೆಯದು. ಸಸಿ ಬೇಕಾದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ರಿಯಾಯಿತಿ ದರದಲ್ಲಿ ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ ತಂದರೆ, ಬದುಕಿ ಉಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ. ನೆಟ್ಟ ಮೇಲೆ ಹೋಗಿ ಕೇಳಿದರೆ ಸಿಗುವುದಿಲ್ಲ, ಮೊದಲೇ ನೋಂದಾಯಿಸಿ. ರಸೀದಿ ಜೋಪಾನ.

ಶ್ರೀಗಂಧ ನೆಡುವ ಆಸೆ ಎಲ್ಲರಿಗೂ ಇದೆ. ಅದು ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಮರ. ಎಳೆಯದಿದ್ದಾಗ ಪಕ್ಕದಲ್ಲಿ ತೊಗರಿ, ಆಮೇಲೆ ಸರ್ವೆ ಮರವೋ ನೆಲ್ಲಿಯೋ ಬೇಕು. 2001ರ ತಿದ್ದುಪಡಿಯ ನಂತರ ನಿಮ್ಮ ಜಮೀನಿನ ಗಂಧ ನಿಮ್ಮದೇ. ಆದರೆ ಕಡಿಯಲು, ಸಾಗಿಸಲು ಇಲಾಖೆಯ ಅನುಮತಿ ಬೇಕು, ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕಟ್ಟಲು ಹದಿನೈದು ವರ್ಷಕ್ಕೂ ಜಾಸ್ತಿ ಬೇಕು, ಅಷ್ಟು ವರ್ಷ ಕಳ್ಳರನ್ನು ಕಾಯಬೇಕು. ಊರಲ್ಲಿ ವಾಸ ಇಲ್ಲದವರಿಗೆ ನನ್ನ ಸಲಹೆ: ಬೇಡ.

8. ಹಳೆ ನೀಲಗಿರಿ ಏನು ಮಾಡುವುದು?

ನೀಲಗಿರಿ ನಮಗೆ ಹೊಸದಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಕಾಲದಲ್ಲೇ ಅದು ನಂದಿ ಬೆಟ್ಟಕ್ಕೆ ಬಂದಿತ್ತು. ದೇಶದ ತುಂಬ ‘ಮೈಸೂರು ಗಮ್’ ಅಂತ ಹರಡಿದ ತಳಿ ಆ ಬೆಟ್ಟದ ಮರಗಳಿಂದಲೇ ಹೊರಟದ್ದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳಿಗೂ ಇಳಿಯಿತು. ಅಂತರ್ಜಲದ ಕಾರಣಕ್ಕೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಇರುವ ತೋಪನ್ನು ಒಂದೇ ಸಲ ಬೇರು ಸಮೇತ ಕೀಳಿಸುವುದು ದುಬಾರಿ, ಮೇಲ್ಮಣ್ಣೂ ಹಾಳು. ನಾನು ಪಟ್ಟಿ ಪಟ್ಟಿಯಾಗಿ ತೆಗೆಸುತ್ತಿದ್ದೇನೆ. ಎರಡು ಸಾಲು ಕಡಿಸಿ, ಎರಡು ಸಾಲು ಬಿಟ್ಟು. ಕಡಿದ ಬೊಡ್ಡೆಯಲ್ಲಿ ಕೂಳೆ ಚಿಗುರಿದಂತೆಲ್ಲ ತಿಂಗಳಿಗೊಮ್ಮೆ ಮುರಿಸುತ್ತೇನೆ. ಒಂದೆರಡು ವರ್ಷದಲ್ಲಿ ಬುಡ ಸೊರಗುತ್ತದೆ. ನಡುವೆ ಹೊಂಗೆ, ಹುಣಸೆ, ನೇರಳೆ. ನಿಂತ ಸಾಲುಗಳು ಅಲ್ಲಿವರೆಗೆ ಗಾಳಿಗೆ ತಡೆ. ನಿಧಾನ ಹೌದು. ಆದರೆ ಎರಡು ವರ್ಷಕ್ಕೊಮ್ಮೆ ಕೈಗೆ ಸ್ವಲ್ಪ ದುಡ್ಡೂ ಬರುತ್ತದೆ.

9. ಮಾರುವ ಮೊದಲು ಅಳೆಯಲು ಕಲಿಯಿರಿ

ಮೊದಲ ಸಲ ನೀಲಗಿರಿ ಮಾರಿದಾಗ ವ್ಯಾಪಾರಿಯೊಬ್ಬರು ತೋಪು ಸುತ್ತಿ ಬಂದು ‘ಒಂದು ಲೋಡ್ ಆದರೆ ಹೆಚ್ಚು ಅಣ್ಣ’ ಅಂದರು. ಇಡಿಯಾಗಿ ರೇಟು ಮಾತಾಡಿದೆ. ಎರಡೂವರೆ ಲೋಡ್ ತುಂಬಿಕೊಂಡು ಹೋದರು. ನೀಲಗಿರಿಯನ್ನು ತೂಕದ ಮೇಲೆ ಮಾರಿ. ನೀವು ಹೇಳಿದ ವೇ ಬ್ರಿಡ್ಜ್‌ನಲ್ಲೇ ತೂಗಿಸಿ, ಖಾಲಿ ಗಾಡಿಯ ಚೀಟಿಯನ್ನೂ ತಗೊಳ್ಳಿ. ಕಡಿದು ವಾರ ಬಿಟ್ಟರೆ ತೂಕ ಇಳಿಯುತ್ತದೆ, ಹಾಗಾಗಿ ಕಡಿದ ದಿನ, ಸಾಗಿಸುವ ದಿನ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ.

ನಾಟಾ, ಅಂದರೆ ಹಲಗೆ ತೊಲೆಗೆ ಬರುವ ಮರವಾದರೆ ಘನ ಅಡಿ ಲೆಕ್ಕ. ದಿಮ್ಮಿಯ ನಡುಭಾಗದ ಸುತ್ತಳತೆ ತಗೊಳ್ಳಿ. 32 ಇಂಚು ಅಂದುಕೊಳ್ಳಿ. ನಾಲ್ಕರಿಂದ ಭಾಗಿಸಿದರೆ 8. ಎಂಟೆಂಟಲೆ 64. ಉದ್ದ 16 ಅಡಿ ಇದ್ದರೆ 64ನ್ನು 16ರಿಂದ ಗುಣಿಸಿ 144ರಿಂದ ಭಾಗಿಸಿ. 7 ಘನ ಅಡಿಗೆ ಸ್ವಲ್ಪ ಜಾಸ್ತಿ ಬಂತು. ನಿಂತ ಮರದಲ್ಲೇ ಒಂದು ಅಂದಾಜು ಹಾಕಿಟ್ಟುಕೊಂಡರೆ ಮಾತಿಗೆ ಕೂತಾಗ ಧೈರ್ಯ ಇರುತ್ತದೆ.

ಕಾನೂನಿನ ವಿಷಯ. ನಿಮ್ಮ ಜಮೀನಿನ ಮರವೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಪಟ್ಟಿಗೆ ಆಗಾಗ ಸೇರ್ಪಡೆ ಆಗುತ್ತಿರುತ್ತದೆ, ಅರಣ್ಯ ಇಲಾಖೆಯ ರೇಂಜ್ ಕಚೇರಿಯಲ್ಲಿ ಈಗಿನ ಪಟ್ಟಿ ಕೇಳಿ. ಸಾಗಿಸುವ ಪಾಸಿನ ವಿಷಯವನ್ನೂ ಅಲ್ಲೇ ಕೇಳಿಬಿಡಿ. ‘ಪಾಸು ನಾವು ನೋಡ್ಕೋತೀವಿ’ ಅನ್ನುವ ವ್ಯಾಪಾರಿಯಿಂದ ಪ್ರತಿ ಕೇಳಿ ಪಡೆಯಿರಿ.

ಎಲ್ಲ ಮರವನ್ನೂ ದುಡ್ಡಿನ ಲೆಕ್ಕದಲ್ಲಿ ನೋಡಬೇಡಿ. ಪೊಟರೆ ಇರುವ ಒಂದು ಮುದಿ ಮರವನ್ನು ಹಾಗೇ ಬಿಟ್ಟಿದ್ದೇನೆ. ಅದರಲ್ಲಿ ಗೂಬೆ ಇದೆ. ಪಕ್ಕದ ಹೊಲದ ಕಡಲೆಕಾಯಿಗೆ ಬರುವ ಇಲಿ ಹಿಡಿಯುವ ಕೆಲಸ ಅದರದ್ದು.

ಇನ್ನು ಕಡಿಸುವಾಗ ಹತ್ತಿರವೇ ನಿಂತಿರಿ. ಮತ್ತೆ ಚಿಗುರಬೇಕಾದ ಮರವನ್ನು ನೆಲದಿಂದ ನಾಲ್ಕು ಇಂಚಿನೊಳಗೆ, ಗರಗಸದಲ್ಲಿ, ತೊಗಟೆ ಸುಲಿಯದಂತೆ ಕೊಯ್ಯಬೇಕು. ನೀರು ನಿಲ್ಲದಂತೆ ಮೇಲ್ಮೈ ಸ್ವಲ್ಪ ಓರೆ ಇರಲಿ. ಕೂಲಿಯವರಿಗೆ ಬಗ್ಗಿ ಕೊಯ್ಯುವುದು ಕಷ್ಟ, ಸೊಂಟದ ಮಟ್ಟಕ್ಕೆ ಕತ್ತರಿಸಿ ಮುಂದೆ ಹೋಗುತ್ತಾರೆ. ನಾನು ಅವತ್ತಿನ ಕೂಲಿ ಐವತ್ತು ರೂಪಾಯಿ ಜಾಸ್ತಿ ಕೊಟ್ಟು, ಟೀ ತರಿಸಿ, ಬುಡದ ಹತ್ತಿರವೇ ಕೂತಿರುತ್ತೇನೆ.